ಡೆಕ್ಸ್‌ಟ್ರಾನ್, ಕೈಟೋಸಾನ್, ಹತ್ತಿ ಬಳಸಿ ಅತಿವಾಹಕ ತಯಾರಿಕೆ: ಕಲಬುರಗಿ, ಬೀದರ್, ಯಾದಗಿರಿ ಪ್ರಯೋಗಾಲಯಗಳಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಮತ್ತು ಅವರಿಗೆ ಮಾರ್ಗದರ್ಶನ ಮಾಡುವ ಉಪನ್ಯಾಸಕರಿಗಾಗಿ ಈ ಪುಟ. ಸಾಕಷ್ಟು ತಣಿಸಿದಾಗ ವಿದ್ಯುತ್ತಿಗೆ ಸ್ವಲ್ಪವೂ ರೋಧ ಒಡ್ಡದ, ಕಾಂತಕ್ಷೇತ್ರವನ್ನು ಹೊರದಬ್ಬಿ ಮ್ಯಾಗ್ನೆಟ್ಟನ್ನು ತೇಲಿಸಬಲ್ಲ ವಸ್ತುವೇ ಅತಿವಾಹಕ. ಒಂದು ಮಫಲ್ ಫರ್ನೇಸ್, 1 ಮಿಲಿಗ್ರಾಂವರೆಗೆ ತೂಗುವ ತಕ್ಕಡಿ, ಫ್ಯೂಮ್ ಹುಡ್ ಇರುವ ಕಾಲೇಜಿನಲ್ಲಿ ಈ ಕೆಲಸ ಆಗುತ್ತದೆ. ಇಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡನ್ನು ಇಲ್ಲಿ ಎಲ್ಲರೂ ಕರೆಯುವಂತೆ ವೈಬಿಸಿಓ ಎಂದೇ ಬರೆದಿದ್ದೇವೆ.

ಜೈವಿಕ ವಸ್ತುವಿನಿಂದ ಮಾಡಿದ ಅತಿವಾಹಕದಲ್ಲಿ ಕೊನೆಗೆ ಜೈವಿಕ ಅಂಶ ಏನಾದರೂ ಉಳಿದಿರುತ್ತದೆಯೇ?

ಇಲ್ಲ, ಉಳಿಯಲೂಬಾರದು. ಡೆಕ್ಸ್‌ಟ್ರಾನ್ (ಸಕ್ಕರೆಯಿಂದ ಬ್ಯಾಕ್ಟೀರಿಯಾ ಮಾಡುವುದು), ಕೈಟೋಸಾನ್ (ಸಿಗಡಿ, ಏಡಿಯ ಚಿಪ್ಪಿನಿಂದ ಬರುವುದು), ಆಲ್ಜಿನೇಟ್ (ಕಡಲಪಾಚಿಯಿಂದ ಬರುವುದು), ಸೆಲ್ಯುಲೋಸ್ (ಹತ್ತಿಯಲ್ಲಿರುವುದು) ಯಾವುದೇ ಆಗಲಿ, 500 ಡಿಗ್ರಿ ಸೆಲ್ಸಿಯಸ್ ದಾಟುವುದರೊಳಗೆ ಪೂರ್ತಿ ಉರಿದುಹೋಗುತ್ತದೆ. ಉರಿದುಹೋಗುವ ಮೊದಲು ಅದು ಎರಡು ಕೆಲಸ ಮಾಡಿರುತ್ತದೆ. ಮೂರು ಲೋಹಗಳ ಅಯಾನುಗಳನ್ನು ತನ್ನ ಉದ್ದನೆಯ ಸರಪಳಿಗಳ ನಡುವೆ ಒಂದರ ಪಕ್ಕ ಒಂದನ್ನು ಹಿಡಿದಿಡುವುದು ಮೊದಲನೆಯದು. ಆಕ್ಸೈಡ್ ಕಣಗಳು ಹುಟ್ಟುವಾಗ ಅವು ಒಂದಕ್ಕೊಂದು ಸೇರಿ ದೊಡ್ಡದಾಗದಂತೆ ತಡೆಯುವುದು ಎರಡನೆಯದು. ಆದ್ದರಿಂದ ಜೈವಿಕ ವಸ್ತುವನ್ನು ಆರಿಸುವಾಗ ಅದರಲ್ಲಿ ಉರಿಯುವ ಭಾಗ ಎಷ್ಟಿದೆ ಎಂಬುದಕ್ಕಿಂತ ಉರಿದ ಮೇಲೆ ಬೂದಿಯಾಗಿ ಏನು ಉಳಿಯುತ್ತದೆ ಎಂಬುದೇ ಮುಖ್ಯ. ಈ ಪುಟದ ಅರ್ಧಕ್ಕರ್ಧ ಉತ್ತರಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

‘ಹೈ ಟೆಂಪರೇಚರ್’ ಎಂದರೆ ಎಷ್ಟು?

ಕಲಬುರಗಿಯ ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ. 1911ರಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸದಲ್ಲಿ ಅತಿವಾಹಕತೆ ಕಂಡದ್ದು 4.2 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 269 ಡಿಗ್ರಿಯಲ್ಲಿ. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡ್‌ಗಳಲ್ಲಿ 30 ಕೆಲ್ವಿನ್ ದಾಟಿದರು, ಮರುವರ್ಷವೇ ಅವರಿಗೆ ನೊಬೆಲ್ ಬಂತು. 1987ರಲ್ಲಿ ಬಂದ ವೈಬಿಸಿಓ ಸುಮಾರು 92 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ದ್ರವ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ, ಹಾಗಾಗಿ ದುಬಾರಿ ಹೀಲಿಯಂ ಇಲ್ಲದೆ ಪರೀಕ್ಷೆ ಮಾಡಲು ಬರುತ್ತದೆ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಈ ಪ್ರಯೋಗ ಸಾಧ್ಯವಾಗಿರುವುದೇ ಈ ಹದಿನೈದು ಡಿಗ್ರಿ ಅಂತರದಿಂದ.

ಆಕ್ಸೈಡ್ ಪುಡಿಗಳನ್ನು ಅರೆದು ಸುಡುವ ಹಳೇ ವಿಧಾನ ಇರುವಾಗ ಇದೇಕೆ?

ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ಕಾಪರ್ ಆಕ್ಸೈಡ್ ಮೂರನ್ನೂ ಕಲ್ಲುಗುಂಡಿಗೆಯಲ್ಲಿ ಎಷ್ಟೇ ಅರೆದರೂ ಕಣಗಳು ಮೈಕ್ರಾನ್ ಗಾತ್ರದಲ್ಲೇ ಇರುತ್ತವೆ. ಲೋಹದ ಅಯಾನುಗಳು ಒಂದು ಕಣದಿಂದ ಇನ್ನೊಂದಕ್ಕೆ ನಡೆದು ಹೋಗಬೇಕು, ಅದಕ್ಕೆ 900 ಡಿಗ್ರಿಗಿಂತ ಮೇಲೆ ಹತ್ತಾರು ಗಂಟೆ ಬೇಕು, ನಡುನಡುವೆ ತೆಗೆದು ಮತ್ತೆ ಅರೆಯಬೇಕು. ಸಿಗುವ ಹರಳುಗಳು ದೊಡ್ಡವು, ಅಡ್ಡಾದಿಡ್ಡಿ ಬಿದ್ದಿರುತ್ತವೆ. ಪಕ್ಕಪಕ್ಕದ ಎರಡು ಹರಳುಗಳ ದಿಕ್ಕು ಹತ್ತು ಡಿಗ್ರಿಯಷ್ಟು ಓರೆಯಾದರೂ ಆ ಗಡಿಯನ್ನು ದಾಟುವ ಕರೆಂಟ್ ತೀರಾ ಕುಸಿಯುತ್ತದೆ.

ಜೈವಿಕ ಪಾಲಿಮರ್‌ನಲ್ಲಿ ಅಯಾನುಗಳು ಮೊದಲೇ ಬೆರೆತಿರುವುದರಿಂದ ಸುಡುವ ಸಮಯ ಒಂದೆರಡು ಗಂಟೆಗೆ ಇಳಿಯುತ್ತದೆ, ಹರಳು ಸಣ್ಣದಾಗಿ ಉಳಿಯುತ್ತದೆ. ಅಚ್ಚಿನ ಆಕಾರಕ್ಕೆ ತಕ್ಕಂತೆ ಸ್ಪಂಜು, ಎಳೆ, ತಂತಿ ಪಡೆಯಬಹುದು. ಆದರೆ ಹರಳುಗಳ ಗಡಿಯ ತೊಂದರೆಯನ್ನು ಇದು ಪೂರ್ತಿ ನಿವಾರಿಸುವುದಿಲ್ಲ. ಕಾರ್ಖಾನೆಗಳಲ್ಲಿ ತಯಾರಾಗುವ ಅತಿವಾಹಕ ಟೇಪುಗಳು ಇವತ್ತಿಗೂ ಲೋಹದ ಪಟ್ಟಿಯ ಮೇಲೆ ತೆಳು ಪದರ ಬೆಳೆಸುವ ಬೇರೆ ವಿಧಾನಗಳಿಂದಲೇ ಬರುತ್ತವೆ. ಪ್ರಾಜೆಕ್ಟ್ ವರದಿಯಲ್ಲಿ ಇದನ್ನು ಮುಚ್ಚಿಟ್ಟು ‘ಅಗ್ಗದ ವಿದ್ಯುತ್ ತಂತಿ’ ಎಂದು ಬರೆಯಬೇಡಿ.

ಈ ದಾರಿಯನ್ನು ಹಾಕಿಕೊಟ್ಟವರು ಯಾರು?

ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು, ಮುಖ್ಯವಾಗಿ ಸೈಮನ್ ಹಾಲ್ ಮತ್ತು ಸಂಗಡಿಗರು. 2006ರಲ್ಲಿ ಕೈಟೋಸಾನ್, 2007ರಲ್ಲಿ ಡೆಕ್ಸ್‌ಟ್ರಾನ್, 2008ರಲ್ಲಿ ಆಲ್ಜಿನೇಟ್ ಬಳಸಿದ ಕೆಲಸಗಳು ಪ್ರಕಟವಾದವು. ಕಟಲ್‌ಫಿಶ್ ಎಂಬ ಸಮುದ್ರಜೀವಿಯ ಒಳಚಿಪ್ಪನ್ನೂ ಅಚ್ಚಾಗಿ ಬಳಸಿದ್ದಾರೆ. 2014ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಮಾದರಿಯನ್ನು ಕಾಯಿಸಿ, ನ್ಯಾನೋತಂತಿ ಬೆಳೆಯುವುದನ್ನು ಕಣ್ಣೆದುರೇ ನೋಡಿದರು. ಕರಗಿದ ಬೇರಿಯಂ ಕಾರ್ಬೊನೇಟ್ ಕಣಗಳು ರಂಧ್ರಗಳ ಮೂಲಕ ಮೇಲ್ಮೈಗೆ ಬಂದು ಪುಟ್ಟ ಕ್ರೂಸಿಬಲ್‌ಗಳಂತೆ ಕೂರುತ್ತವೆ, ತಂತಿ ಅವುಗಳಿಂದ ಮೇಲೇಳುತ್ತದೆ. ಅಲ್ಲಿ ಬೆಳೆದದ್ದು ವೈಬಿಸಿಓ ಅಲ್ಲ, ಅದರ ಜೊತೆಗಾರ ಹಸಿರು ಆಕ್ಸೈಡ್ ‘211’ (ಇಟ್ರಿಯಂ, ಬೇರಿಯಂ, ತಾಮ್ರ 2:1:1 ಇರುವುದು; ವೈಬಿಸಿಓದಲ್ಲಿ 1:2:3) ಎಂಬುದನ್ನು ಗಮನಿಸಿ. ಅದು ಅತಿವಾಹಕವಲ್ಲ.

ನಮ್ಮ ಕಡೆ ಸಿಗುವ ಜೋಳದ ಹಿಟ್ಟು, ತೊಗರಿ ಕಟ್ಟಿಗೆ, ಕಬ್ಬಿನ ಹಾಲು, ಹತ್ತಿ ಬಳಸಬಹುದೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ಥಳೀಯ ವಸ್ತು ಬಳಸಬೇಕೆಂಬ ಆಸೆ ಒಳ್ಳೆಯದೇ, ಆದರೆ ಬೇರಿಯಂ ಅದಕ್ಕೆ ಅಡ್ಡ ಬರುತ್ತದೆ. ಬೇರಿಯಂ ಸಲ್ಫೇಟ್ ಕಂಡಲ್ಲಿ ಕೂಡಲೇ ಬಿಳಿ ಗಸಿಯಾಗಿ ಕೂರುತ್ತದೆ, ನಾವು ಬಳಸುವ ಯಾವ ಉಷ್ಣತೆಯಲ್ಲೂ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಫಾಸ್ಫೇಟ್ ಕಂಡರೂ ಹಾಗೆಯೇ.

ಜೋಳದ ಹಿಟ್ಟಿನಲ್ಲಿ ಪಿಷ್ಟದ ಜೊತೆ ಪ್ರೋಟೀನ್, ರಂಜಕ, ಪೊಟ್ಯಾಷಿಯಂ ಇವೆ. ಹಿಟ್ಟು ಬೇಡ. ಪ್ರಯೋಗಾಲಯ ದರ್ಜೆಯ ಕರಗುವ ಪಿಷ್ಟ ಸರಿ. ತೊಗರಿ ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಷಿಯಂ, ಕ್ಯಾಲ್ಸಿಯಂ, ಭತ್ತದ ಹೊಟ್ಟಿನಲ್ಲಿ ಸಿಲಿಕಾ ತುಂಬಿರುತ್ತದೆ. ಸಿಲಿಕಾ 900 ಡಿಗ್ರಿಯಲ್ಲಿ ಬೇರಿಯಮ್ಮನ್ನು ಎಳೆದುಕೊಂಡು ಸಿಲಿಕೇಟ್ ಆಗುತ್ತದೆ. ಮೊಟ್ಟೆಯ ಬಿಳಿಯನ್ನು ಫೆರೈಟ್ ತಯಾರಿಕೆಯಲ್ಲಿ ಬಳಸುತ್ತಾರೆ ನಿಜ, ಆದರೆ ಅದರ ಪ್ರೋಟೀನಿನಲ್ಲಿ ಗಂಧಕ ಇದೆ, ಇಲ್ಲಿ ನಡೆಯುವುದಿಲ್ಲ. ಅಗರ್‌ನಲ್ಲಿ ಸಲ್ಫೇಟ್ ಗುಂಪುಗಳೇ ಇರುತ್ತವೆ.

ಕಬ್ಬಿನ ವಿಷಯ ಸ್ವಲ್ಪ ಬೇರೆ. ಬೀದರ್, ಕಲಬುರಗಿ ಕಡೆಯ ಸಕ್ಕರೆ ಕಾರ್ಖಾನೆಯವರಿಗೆ ಡೆಕ್ಸ್‌ಟ್ರಾನ್ ಎಂದರೆ ತಲೆನೋವು. ಕಡಿದ ಕಬ್ಬು ಬಿಸಿಲಿನಲ್ಲಿ ದಿನಗಟ್ಟಲೆ ಬಿದ್ದರೆ ಲ್ಯೂಕೊನೋಸ್ಟಾಕ್ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಮಾಡುತ್ತದೆ, ಹಾಲು ಲೋಳೆಯಾಗುತ್ತದೆ, ಸಕ್ಕರೆ ಹರಳುಗಟ್ಟುವುದು ನಿಧಾನವಾಗುತ್ತದೆ. ನಾವು ದುಡ್ಡು ಕೊಟ್ಟು ಕೊಳ್ಳುವ ಡೆಕ್ಸ್‌ಟ್ರಾನ್ ಕೂಡ ಇದೇ ಬ್ಯಾಕ್ಟೀರಿಯಾದ ಕೊಡುಗೆ. ಹಾಗೆಂದು ಕಾರ್ಖಾನೆಯ ಲೋಳೆಯನ್ನು ತಂದು ಬಳಸಲಾಗದು: ನಮ್ಮ ದೇಶದ ಬಹುತೇಕ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಸುಣ್ಣ ಮತ್ತು ಗಂಧಕದ ಹೊಗೆಯಿಂದ ತಿಳಿಗೊಳಿಸುತ್ತಾರೆ, ಗಂಧಕದ ಹೊಗೆ ತಾಕಿದ ದ್ರಾವಣ ಬೇರಿಯಂಗೆ ವೈರಿ. ಶುದ್ಧ ಸಕ್ಕರೆ ಕೊಟ್ಟು ಬ್ಯಾಕ್ಟೀರಿಯಾ ಬೆಳೆಸಿ, ಆಲ್ಕೊಹಾಲಿನಲ್ಲಿ ಡೆಕ್ಸ್‌ಟ್ರಾನನ್ನು ಗಸಿಯಾಗಿಸಿ ತೊಳೆದು ಬಳಸುವುದು ಮಾತ್ರ ಒಳ್ಳೆಯ ಪ್ರಾಜೆಕ್ಟ್. ಸೂಕ್ಷ್ಮಜೀವಿ ವಿಭಾಗದವರನ್ನು ಜೊತೆಗೆ ಸೇರಿಸಿಕೊಳ್ಳಿ.

ಹತ್ತಿ ಬಳಸಬಹುದು. ಹೊಲದ ಹಸಿ ಹತ್ತಿ ಬೇಡ, ಮೇಣ ಮತ್ತು ಖನಿಜ ತೆಗೆದ ಆಸ್ಪತ್ರೆಯ ಹೀರುಹತ್ತಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು ಒಣಗಿಸಿ. ಬೂದಿರಹಿತ ಫಿಲ್ಟರ್ ಪೇಪರ್ ಇನ್ನೂ ಉತ್ತಮ. ಆದರೆ ನೈಟ್ರೇಟಿನಲ್ಲಿ ಅದ್ದಿ ಒಣಗಿಸಿದ ಹತ್ತಿ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಹತ್ತಿಗೆ ಅಸಿಟೇಟ್ ಲವಣಗಳನ್ನೇ ಬಳಸಿ.

ಸೋಡಿಯಂ ಆಲ್ಜಿನೇಟ್ ಸುಲಭವಾಗಿ ಸಿಗುತ್ತದೆ, ಅದೇ ಸಾಲದೇ?

ಲೆಕ್ಕ ಹಾಕಿ ನೋಡಿ. 1 ಗ್ರಾಂ ಸೋಡಿಯಂ ಆಲ್ಜಿನೇಟಿನಲ್ಲಿ ಸುಮಾರು 5 ಮಿಲಿಮೋಲ್ ಸೋಡಿಯಂ ಇದೆ. ಕೆಳಗೆ ಕೊಟ್ಟಿರುವ ಅಳತೆಯಲ್ಲಿ ಇಟ್ರಿಯಂ ಇರುವುದೇ 3 ಮಿಲಿಮೋಲ್. ಅಷ್ಟು ಸೋಡಿಯಂ ಕಾರ್ಬೊನೇಟ್ ಆಗಿ ಉಳಿದರೆ 851 ಡಿಗ್ರಿಯಲ್ಲಿ ಕರಗಿ ಎಲ್ಲವನ್ನೂ ಅಂಟಿಸುತ್ತದೆ. ಅಮೋನಿಯಂ ಆಲ್ಜಿನೇಟ್ ಸಿಕ್ಕರೆ ಕೊಳ್ಳಿ. ಇನ್ನೊಂದು ತೊಡಕು: ಆಲ್ಜಿನೇಟನ್ನು ಹನಿಹನಿಯಾಗಿ ಲೋಹದ ದ್ರಾವಣಕ್ಕೆ ಬಿಟ್ಟು ಮಣಿ ಮಾಡಿದರೆ, ಅದು ಮೂರೂ ಲೋಹಗಳನ್ನು ಒಂದೇ ಪ್ರಮಾಣದಲ್ಲಿ ಹಿಡಿಯುವುದಿಲ್ಲ. ನೀವು ದ್ರಾವಣದಲ್ಲಿ 1:2:3 ಹಾಕಿದರೂ ಮಣಿಯೊಳಗೆ ಆ ಅನುಪಾತ ಇರುವುದಿಲ್ಲ. ದ್ರಾವಣವನ್ನು ಚೆಲ್ಲದೆ ಎಲ್ಲವನ್ನೂ ಒಟ್ಟಿಗೆ ಒಣಗಿಸುವ ಡೆಕ್ಸ್‌ಟ್ರಾನ್, ಕೈಟೋಸಾನ್ ವಿಧಾನಗಳಲ್ಲಿ ಈ ರಗಳೆ ಇಲ್ಲ. ಮೊದಲ ಸಲ ಮಾಡುವವರು ಡೆಕ್ಸ್‌ಟ್ರಾನ್‌ನಿಂದಲೇ ಶುರುಮಾಡಿ.

ಆರ್‌ಓ ನೀರು ನಡೆಯುತ್ತದೆಯೇ?

ನಡೆಯುವುದಿಲ್ಲ. ಭೀಮಾ ತೀರದ ಸುಣ್ಣಕಲ್ಲಿನ ನೆಲದಲ್ಲಿ ಬೋರ್‌ವೆಲ್ ನೀರು ಸವಳು, ಗಡಸು. ಶುದ್ಧ ನೀರಿನ ಘಟಕದಿಂದ ಬಂದ ನೀರಿನಲ್ಲೂ ಸ್ವಲ್ಪ ಸಲ್ಫೇಟ್, ಬೈಕಾರ್ಬೊನೇಟ್ ಉಳಿದಿರುತ್ತದೆ. ಡಿಸ್ಟಿಲ್ಡ್ ನೀರನ್ನೂ ಪರೀಕ್ಷಿಸಿ: 10 ಮಿ.ಲೀ. ನೀರಿಗೆ ಎರಡು ಹನಿ ಸಾರರಿಕ್ತ ನೈಟ್ರಿಕ್ ಆಮ್ಲ, ನಾಲ್ಕು ಹನಿ ಬೇರಿಯಂ ನೈಟ್ರೇಟ್ ದ್ರಾವಣ ಹಾಕಿ, ಕಪ್ಪು ಕಾಗದದ ಮೇಲೆ ಹತ್ತು ನಿಮಿಷ ಇಟ್ಟು ನೋಡಿ. ಮಸುಕಾದರೆ ಆ ನೀರು ಬೇಡ. ಗಾಜಿನ ಪಾತ್ರೆಗಳನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೇ ಬಳಸುವುದೂ ಇದೇ ತಪ್ಪು.

ಎಷ್ಟೆಷ್ಟು ತೂಗಬೇಕು?

2 ಗ್ರಾಂ ವೈಬಿಸಿಓಗೆ, ಅಂದರೆ 3 ಮಿಲಿಮೋಲ್‌ಗೆ: ಇಟ್ರಿಯಂ ನೈಟ್ರೇಟ್ ಹೆಕ್ಸಾಹೈಡ್ರೇಟ್ 1.149 ಗ್ರಾಂ, ಬೇರಿಯಂ ನೈಟ್ರೇಟ್ 1.568 ಗ್ರಾಂ, ಕಾಪರ್ ನೈಟ್ರೇಟ್ ಟ್ರೈಹೈಡ್ರೇಟ್ 2.174 ಗ್ರಾಂ, ಡೆಕ್ಸ್‌ಟ್ರಾನ್ 4 ಗ್ರಾಂ. ಡೆಕ್ಸ್‌ಟ್ರಾನ್‌ನ ಅಣುತೂಕ 40,000ದಿಂದ 70,000ದ ಆಸುಪಾಸು ಇರಲಿ.

ಈ ಸಂಖ್ಯೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಕಾಪರ್ ನೈಟ್ರೇಟ್ ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಬಾಟಲಿಯಲ್ಲೇ ನೀರೊಡೆಯುತ್ತದೆ. ಇಟ್ರಿಯಂ ನೈಟ್ರೇಟಿನ ನೀರಿನ ಅಂಶವೂ ಬಾಟಲಿಯಿಂದ ಬಾಟಲಿಗೆ ಬೇರೆ. ಎರಡನ್ನೂ 1.000 ಗ್ರಾಂ ತೂಗಿ, ಬೇರೆ ಬೇರೆ ಕ್ರೂಸಿಬಲ್‌ಗಳಲ್ಲಿ ನಿಧಾನವಾಗಿ ಕಾಯಿಸಿ, ಇಟ್ರಿಯಂ ಲವಣವನ್ನು 900 ಡಿಗ್ರಿಯಲ್ಲೂ ತಾಮ್ರದ ಲವಣವನ್ನು 600 ಡಿಗ್ರಿಯಲ್ಲೂ ಒಂದು ಗಂಟೆ ಇಡಿ. ಉಳಿಯುವ ಆಕ್ಸೈಡ್ ಇಟ್ರಿಯಂನದಾದರೆ 0.295 ಗ್ರಾಂ, ತಾಮ್ರದ್ದಾದರೆ 0.329 ಗ್ರಾಂ ಬರಬೇಕು. ಕಡಿಮೆ ಬಂದಷ್ಟೂ ಲವಣದಲ್ಲಿ ನೀರು ಹೆಚ್ಚಿದೆ ಎಂದರ್ಥ, ಅದೇ ಅನುಪಾತದಲ್ಲಿ ತೂಕ ಏರಿಸಿ. ಅರ್ಧ ದಿನದ ಈ ಕೆಲಸವನ್ನು ಬಿಟ್ಟು ಮುಂದೆ ಹೋದವರ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಹಾಯಿಸಿ ಯಾವ ಹರಳುಗಳಿವೆ ಎಂದು ನೋಡುವ ಪರೀಕ್ಷೆಯಲ್ಲಿ) ಹೆಚ್ಚಾಗಿ ಹಸಿರು 211 ಇಲ್ಲವೇ ಉಳಿದ ಬೇರಿಯಂ ಕಾಣಿಸಿಕೊಳ್ಳುತ್ತದೆ.

ದ್ರಾವಣದಿಂದ ಪೇಸ್ಟ್‌ವರೆಗಿನ ಹಂತಗಳು ಹೇಗೆ?

40 ಮಿ.ಲೀ. ಡಿಸ್ಟಿಲ್ಡ್ ನೀರನ್ನು 60 ಡಿಗ್ರಿಗೆ ಕಾಯಿಸಿ, ಮೊದಲು ಬೇರಿಯಂ ನೈಟ್ರೇಟ್ ಹಾಕಿ ಪೂರ್ತಿ ಕರಗಿಸಿ. ಮೂರರಲ್ಲಿ ಕರಗಲು ಅದೇ ಹಠಮಾರಿ, ಉಳಿದ ನೈಟ್ರೇಟುಗಳು ಮೊದಲೇ ಇದ್ದರೆ ಇನ್ನೂ ಕಡಿಮೆ ಕರಗುತ್ತದೆ. ಆಮೇಲೆ ಇಟ್ರಿಯಂ, ತಾಮ್ರ ಹಾಕಿ. ತಿಳಿ ನೀಲಿ ದ್ರಾವಣ ಸಿಗಬೇಕು, ತಳದಲ್ಲಿ ಏನೂ ಇರಬಾರದು. ಡೆಕ್ಸ್‌ಟ್ರಾನನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಮ್ಯಾಗ್ನೆಟಿಕ್ ಸ್ಟಿರರ್‌ನಲ್ಲಿ ಕಲಕಿ, ಒಮ್ಮೆಲೇ ಸುರಿದರೆ ಗಂಟುಕಟ್ಟುತ್ತದೆ. 70–80 ಡಿಗ್ರಿಯಲ್ಲಿ ಕಲಕುತ್ತಾ ನೀರನ್ನು ಇಂಗಿಸಿ, ಗಾಜಿನ ಕಡ್ಡಿ ಎತ್ತಿದರೆ ಒಂದೆಳೆ ಪಾಕದ ಹದದಲ್ಲಿ ಎಳೆ ಬರಬೇಕು.

ಈ ಹಂತದಲ್ಲಿ ಪೇಸ್ಟನ್ನು ಗಾಜಿನ ಫಲಕದ ಮೇಲೆ ಸವರಿ ಬೆಳಕಿಗೆ ಹಿಡಿಯಿರಿ. ನೀಲಿಯ ನಡುವೆ ಬಿಳಿ ಚುಕ್ಕೆ ಕಂಡರೆ ಬೇರಿಯಂ ನೈಟ್ರೇಟ್ ಹರಳುಗಟ್ಟಿ ಬೇರೆಯಾಗಿದೆ. 10 ಮಿ.ಲೀ. ಬಿಸಿನೀರು ಹಾಕಿ ಕರಗಿಸಿ, ಈ ಸಲ ತಣಿಯಲು ಬಿಡದೆ ತೆಳುವಾಗಿ ಹರಡಿ ಬೇಗ ಒಣಗಿಸಿ. ಚುಕ್ಕೆಗಳನ್ನು ಹಾಗೇ ಬಿಟ್ಟರೆ ಪುಡಿ ಅರೆದು ಸುಡುವ ಹಳೇ ವಿಧಾನಕ್ಕೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಕೈಟೋಸಾನ್ ಬಳಸುವವರು 1 ಗ್ರಾಂ ಕೈಟೋಸಾನನ್ನು ನೂರಕ್ಕೆ ಒಂದರ ಅಸಿಟಿಕ್ ಆಮ್ಲದ 100 ಮಿ.ಲೀ.ನಲ್ಲಿ ರಾತ್ರಿಯಿಡೀ ಕಲಕಿ, ಕರಗದ ಚೂರುಗಳನ್ನು ಸೋಸಿ ಶುರುಮಾಡಬೇಕು. ಅದರ ಅಮೈನ್ ಗುಂಪುಗಳು ತಾಮ್ರವನ್ನು ಹಿಡಿದ ಕೂಡಲೇ ನೀಲಿ ಗಾಢವಾಗುತ್ತದೆ.

ಓವನ್ನಿನಲ್ಲಿ ಇಟ್ಟಾಗ ಕಂದು ಹೊಗೆ ಬಂದು ಹೊತ್ತಿಕೊಂಡಿತು. ಯಾಕೆ?

ಸಕ್ಕರೆಯ ಜಾತಿಯ ವಸ್ತು ಇಂಧನ, ನೈಟ್ರೇಟ್ ಆಕ್ಸಿಡೈಸರ್. ಎರಡನ್ನೂ ಬೆರೆಸಿ ಒಣಗಿಸಿದರೆ 200 ಡಿಗ್ರಿಯ ಆಸುಪಾಸಿನಲ್ಲಿ ತಾನೇ ಹೊತ್ತಿಕೊಂಡು ಕೆಲವೇ ಸೆಕೆಂಡುಗಳಲ್ಲಿ ಉರಿದು ಮುಗಿಯುತ್ತದೆ. ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಿನಲ್ಲಿ ಹೋದಾಗ ಸ್ವಲ್ಪ ಕೆಮ್ಮು ಮಾತ್ರ ಬಂದು, ಶ್ವಾಸಕೋಶದ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಆದ್ದರಿಂದ ಇವುಗಳಲ್ಲಿ ರಿಯಾಯಿತಿ ಇಲ್ಲ: ಒಂದು ಸಲಕ್ಕೆ 2 ಗ್ರಾಂ ಉತ್ಪನ್ನಕ್ಕಿಂತ ಹೆಚ್ಚು ಮಾಡಬೇಡಿ. ಒಣಗಿಸುವುದು 80 ಡಿಗ್ರಿಯೊಳಗೆ. ಸುಡುವ ಫರ್ನೇಸ್ ಫ್ಯೂಮ್ ಹುಡ್ ಕೆಳಗಿರಲಿ ಅಥವಾ ಅದರ ಹೊಗೆನಳಿಕೆ ಹೊರಗೆ ಹೋಗಲಿ. ಮುಖಕ್ಕೆ ಶೀಲ್ಡ್ ಹಾಕಿ. ಒಣಗಿದ ಪೇಸ್ಟನ್ನು ಕಲ್ಲುಗುಂಡಿಗೆಯಲ್ಲಿ ಕುಟ್ಟುವುದು, ಮುಚ್ಚಿದ ಡಬ್ಬಿಯಲ್ಲಿ ಇಡುವುದು ಎರಡೂ ಬೇಡವೇ ಬೇಡ.

ಹೊತ್ತಿ ಉರಿದರೆ ಸ್ಪಂಜಿನ ಆಕಾರವೂ ಹಾಳು, ಪುಡಿ ಹಾರಿ ತೂಕವೂ ಹಾಳು. ಅಲ್ಯುಮಿನಾ ಬೋಟಿನಲ್ಲಿ (ದೋಣಿಯಾಕಾರದ ಸುಡುವ ಪಾತ್ರೆಯಲ್ಲಿ) ಮೂರನೇ ಒಂದು ಭಾಗ ಮಾತ್ರ ತುಂಬಿ, ತೆಳುವಾಗಿ ಹರಡಿ, ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸುತ್ತಾ 500 ಡಿಗ್ರಿ ಮುಟ್ಟಿಸಿ ಎರಡು ಗಂಟೆ ನಿಲ್ಲಿಸಿ. ಬಿ.ಎಸ್ಸಿ. ಮಟ್ಟದ ವಿದ್ಯಾರ್ಥಿಗಳ ಕೈಗೆ ನೈಟ್ರೇಟ್ ಕೊಡುವುದು ನಮಗೆ ಒಪ್ಪಿಗೆಯಿಲ್ಲ. ಅವರಿಗೆ ಅಸಿಟೇಟ್ ಸಾಕು: ಬೇರಿಯಂ ಅಸಿಟೇಟ್ 1.533 ಗ್ರಾಂ, ಕಾಪರ್ ಅಸಿಟೇಟ್ ಮೊನೊಹೈಡ್ರೇಟ್ 1.797 ಗ್ರಾಂ. ಇಟ್ರಿಯಂ ಅಸಿಟೇಟನ್ನು ಮೇಲೆ ಹೇಳಿದಂತೆ ಸುಟ್ಟು ಪರೀಕ್ಷಿಸಿ, 0.339 ಗ್ರಾಂ ಆಕ್ಸೈಡ್ ಕೊಡುವಷ್ಟು ತೂಗಿ. ಅಸಿಟೇಟ್ ದಾರಿಯಲ್ಲಿ ಇಂಗಾಲ ಹೆಚ್ಚು ಉಳಿಯುತ್ತದೆ, 500 ಡಿಗ್ರಿಯಲ್ಲಿ ನಾಲ್ಕು ಗಂಟೆ ಬೇಕು.

ಜೈವಿಕ ಭಾಗ ಪೂರ್ತಿ ಉರಿದಿದೆಯೇ ಎಂದು ದುಬಾರಿ ಉಪಕರಣವಿಲ್ಲದೆ ತಿಳಿಯುವುದು ಹೇಗೆ?

ತೂಕ ನೋಡಿ. 500 ಡಿಗ್ರಿ ಮುಗಿದಾಗ ಬೋಟಿನಲ್ಲಿ ಇರಬೇಕಾದದ್ದು ಇಟ್ರಿಯಂ ಆಕ್ಸೈಡ್ 0.339, ಬೇರಿಯಂ ಕಾರ್ಬೊನೇಟ್ 1.184, ಕಾಪರ್ ಆಕ್ಸೈಡ್ 0.716, ಒಟ್ಟು 2.24 ಗ್ರಾಂ. 2.3ಕ್ಕಿಂತ ಹೆಚ್ಚಿದ್ದರೆ ಇಂಗಾಲ ಅಥವಾ ಒಡೆಯದ ಲವಣ ಉಳಿದಿದೆ, ಮತ್ತೆ ಸುಡಿ. 2.2ಕ್ಕಿಂತ ಕಡಿಮೆ ಇದ್ದರೆ ಪುಡಿ ಹಾರಿಹೋಗಿದೆ, ಫರ್ನೇಸಿನ ಗೋಡೆ ನೋಡಿದರೆ ಗೊತ್ತಾಗುತ್ತದೆ. ಕೊನೆಯ ಉತ್ಪನ್ನ 2.00 ಗ್ರಾಂ ಬರಬೇಕು. ನಡುವಿನ ವ್ಯತ್ಯಾಸದ ಬಹುಪಾಲು ಬೇರಿಯಂ ಕಾರ್ಬೊನೇಟ್ ಬಿಟ್ಟುಕೊಟ್ಟ ಕಾರ್ಬನ್ ಡೈಆಕ್ಸೈಡಿನ ತೂಕ.

ಈ ವಿಧಾನದ ನಿಜವಾದ ಗಂಟು ಆ ಕಾರ್ಬೊನೇಟೇ. ಜೈವಿಕ ವಸ್ತು ಉರಿಯುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಬೇರಿಯಂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪಕ್ಕದಲ್ಲೇ ನ್ಯಾನೋ ಗಾತ್ರದ ಕಾಪರ್, ಇಟ್ರಿಯಂ ಆಕ್ಸೈಡ್ ಇರುವುದರಿಂದ 850 ಡಿಗ್ರಿ ದಾಟಿದ ಮೇಲೆ ಬಿಡುತ್ತದೆ. ಬೋಟಿಗೆ ಮುಚ್ಚಳ ಹಾಕಿದರೆ ಅನಿಲ ಹೊರಹೋಗದೆ ಕ್ರಿಯೆ ಅಲ್ಲೇ ನಿಲ್ಲುತ್ತದೆ.

ಅಂತಿಮ ಸುಡುವಿಕೆಯ ಕ್ರಮ ತಿಳಿಸಿ.

ನಿಮಿಷಕ್ಕೆ 10 ಡಿಗ್ರಿಯಂತೆ 920ಕ್ಕೆ ಏರಿಸಿ, ಎರಡು ಗಂಟೆ ಇಟ್ಟು, ನಿಮಿಷಕ್ಕೆ 2 ಡಿಗ್ರಿಯಂತೆ 450ಕ್ಕೆ ಇಳಿಸಿ, ಆಕ್ಸಿಜನ್ ಹರಿಸುತ್ತಾ 12 ಗಂಟೆ ಬಿಡಿ, ಫರ್ನೇಸಿನಲ್ಲೇ ತಣಿಯಲಿ. 920ರಲ್ಲಿ ಇರುವಾಗ ವೈಬಿಸಿಓದಲ್ಲಿ ಆಕ್ಸಿಜನ್ ಕಡಿಮೆ, ಅದು ಅತಿವಾಹಕವಲ್ಲ. 450ರ ಹಂತದಲ್ಲಿ ಆಕ್ಸಿಜನ್ ಹೀರಿಕೊಂಡು ಪ್ರತಿ ಸೂತ್ರಕ್ಕೆ 7 ಆಕ್ಸಿಜನ್ ಪರಮಾಣುಗಳ ಹತ್ತಿರ ಬಂದಾಗ ಮಾತ್ರ 92 ಕೆಲ್ವಿನ್ ಗುಣ ಬರುತ್ತದೆ. 6.5ರಲ್ಲಿ ನಿಂತರೆ ಸುಮಾರು 60 ಕೆಲ್ವಿನ್, ಅಂದರೆ ದ್ರವ ನೈಟ್ರೋಜನ್‌ನಲ್ಲಿ ಏನೂ ಕಾಣುವುದಿಲ್ಲ. ಆಕ್ಸಿಜನ್ ಸಿಲಿಂಡರ್ ಇಲ್ಲದವರು ಗಾಳಿಯಲ್ಲೇ 450ರಲ್ಲಿ 24 ಗಂಟೆ ಇಡಿ. ಅತಿವಾಹಕತೆ ಬರುತ್ತದೆ, ಆದರೆ ಬದಲಾವಣೆ ಒಂದೇ ಉಷ್ಣತೆಯಲ್ಲಿ ಆಗದೆ ಹಲವು ಡಿಗ್ರಿಗಳಲ್ಲಿ ಹರಡಿಕೊಳ್ಳುತ್ತದೆ.

ಬಣ್ಣ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಮಸಿಗಪ್ಪು ಸರಿ. ಹಸಿರು ಛಾಯೆ ಇದ್ದರೆ 211 ಬಂದಿದೆ: ಅನುಪಾತ ತಪ್ಪಿದೆ ಅಥವಾ ಫರ್ನೇಸ್ ಹೆಚ್ಚು ಕಾದು 1010 ಡಿಗ್ರಿಯ ಹತ್ತಿರ ಹೋಗಿ ವೈಬಿಸಿಓ ಒಡೆದಿದೆ. ಹಳೇ ಮಫಲ್ ಫರ್ನೇಸುಗಳು ತೋರಿಸುವ ಅಂಕಿಗೂ ಒಳಗಿನ ನಿಜವಾದ ಉಷ್ಣತೆಗೂ ಹತ್ತಾರು ಡಿಗ್ರಿ ವ್ಯತ್ಯಾಸ ಇರುವುದುಂಟು. ಬಿದರಿ ಕುಸುರಿಗೆ ಬಳಸುವ ಶುದ್ಧ ಬೆಳ್ಳಿ ತಂತಿಯ ಅರ್ಧ ಸೆಂಟಿಮೀಟರ್ ಚೂರನ್ನು ಖಾಲಿ ಅಲ್ಯುಮಿನಾ ಬೋಟಿನಲ್ಲಿ ಇಟ್ಟು, ಆಕ್ಸಿಜನ್ ಹರಿಸದೆ, ಹತ್ತು ಹತ್ತು ಡಿಗ್ರಿ ಏರಿಸಿ ನೋಡಿ. ಗಾಳಿಯಲ್ಲಿ ಬೆಳ್ಳಿ ಸುಮಾರು 950–960ರಲ್ಲಿ ಕರಗಿ ಗುಂಡಗಾಗುತ್ತದೆ. ಫರ್ನೇಸ್ 920 ತೋರಿಸುವಾಗಲೇ ಗುಂಡಗಾದರೆ ನಿಮ್ಮ ಮೀಟರ್ 30 ಡಿಗ್ರಿಯಷ್ಟು ಕಡಿಮೆ ಹೇಳುತ್ತಿದೆ.

ಪಿಂಗಾಣಿ ಕ್ರೂಸಿಬಲ್ ಬಳಸಬೇಡಿ, ಅದರ ಸಿಲಿಕಾ ಬೇರಿಯಂ ಜೊತೆ ಸೇರುತ್ತದೆ. ಅಲ್ಯುಮಿನಾ ಬೋಟಿನಲ್ಲೂ ತಳಕ್ಕೆ ತಾಗಿದ ಪದರವನ್ನು ಕೆರೆದು ತೆಗೆದುಹಾಕಿ.

ನಡುವೆ ಕರೆಂಟ್ ಹೋದರೆ ಎಲ್ಲಾ ಹಾಳೇ?

ಹಾಳಲ್ಲ. 500ರೊಳಗೆ ಹೋದರೆ ಮತ್ತೆ ಅಲ್ಲಿಂದಲೇ ಶುರುಮಾಡಿ. 920ರಲ್ಲಿ ಹೋಗಿ ಬೇಗ ತಣಿದರೆ ಆಕ್ಸಿಜನ್ ಮಾತ್ರ ಕಡಿಮೆಯಾಗಿರುತ್ತದೆ, 450ರ ಹಂತವನ್ನು ಮತ್ತೆ 12 ಗಂಟೆ ಮಾಡಿದರೆ ಆಯಿತು. ಆದರೆ 920ರ ಹಂತವನ್ನು ಪದೇ ಪದೇ ಮಾಡಬೇಡಿ, ಪ್ರತಿ ಸಲವೂ ಹರಳು ದೊಡ್ಡದಾಗುತ್ತಾ ಸ್ಪಂಜಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ.

ದ್ರವ ನೈಟ್ರೋಜನ್ ಎಲ್ಲಿಂದ ತರಬೇಕು?

ಜಾನುವಾರುಗಳ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ದ್ರವ ನೈಟ್ರೋಜನ್‌ನಲ್ಲೇ ಇಡುವುದು. ದೇವಣಿ ತಳಿಯ ನಾಡಾದ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇದೆ. ವಿಭಾಗದ ಮುಖ್ಯಸ್ಥರ ಸಹಿಯ ಪತ್ರದೊಂದಿಗೆ ಪಶುಪಾಲನಾ ಕಡೆಯವರನ್ನು ವಿಚಾರಿಸಿ, ಇಲ್ಲವೇ ಕೈಗಾರಿಕಾ ಅನಿಲ ಮಾರುವವರಿಂದ ಕೊಳ್ಳಿ. ವೀರ್ಯ ಇರುವ ಕಂಟೇನರಿನಿಂದ ಬಗ್ಗಿಸಿ ಕೊಡಿ ಎಂದು ಯಾರನ್ನೂ ಒತ್ತಾಯಿಸಬೇಡಿ. ಮಟ್ಟ ಇಳಿದರೆ ಒಂದು ಸೀಮೆಯ ರೈತರಿಗೆ ನಷ್ಟ.

1 ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಡ್ಯೂವಾರ್ (ದ್ರವ ನೈಟ್ರೋಜನ್ ತರುವ ಎರಡು ಗೋಡೆಯ ಪಾತ್ರೆ) ಬಾಯಿಗೆ ಸಡಿಲ ಮುಚ್ಚಳವೇ ಇರಬೇಕು, ತಿರುಗಣಿ ಮುಚ್ಚಳದ ಥರ್ಮೋಸ್ ಬಿಗಿದರೆ ಸಿಡಿಯುತ್ತದೆ. ಕಾರಿನಲ್ಲಿ ತರುವಾಗ ಕಿಟಕಿ ತೆರೆದಿಡಿ, ಏಸಿ ಹಾಕಿ ಗಾಜು ಏರಿಸಿದರೆ ಉಸಿರಾಡುವ ಆಕ್ಸಿಜನ್ ಕಡಿಮೆಯಾಗಿ ಗೊತ್ತಾಗದಂತೆ ಮಂಪರು ಬರುತ್ತದೆ. ಏಪ್ರಿಲ್–ಮೇನಲ್ಲಿ ತೆರೆದ ಥರ್ಮೊಕೋಲ್ ಬಟ್ಟಲಿನಿಂದ ಬೇಗ ಆರಿಹೋಗುವುದರಿಂದ ಪ್ರಯೋಗವನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಿ.

ಎಲ್ಲಾ ಸರಿಯಾಗಿ ಮಾಡಿದೆವು, ಆದರೂ ಮ್ಯಾಗ್ನೆಟ್ ತೇಲುತ್ತಿಲ್ಲ. ಅತಿವಾಹಕ ಆಗಿಲ್ಲವೇ?

ಆಗಿರಬಹುದು. ಸ್ಪಂಜಿನಲ್ಲಿ ಬಹುಭಾಗ ಖಾಲಿ ಜಾಗ, ವಸ್ತು ಕಡಿಮೆ. ಇನ್ನೂ ಮುಖ್ಯವಾದ ಕಾರಣವೊಂದಿದೆ: ಕಾಂತಕ್ಷೇತ್ರ ವೈಬಿಸಿಓದ ಮೇಲ್ಮೈಯಿಂದ ಸುಮಾರು 150 ನ್ಯಾನೋಮೀಟರ್‌ನಷ್ಟು ಒಳಗೆ ಇಳಿಯುತ್ತದೆ. ಹರಳೇ ಆ ಗಾತ್ರದಲ್ಲಿದ್ದರೆ ಕ್ಷೇತ್ರವನ್ನು ಹೊರದಬ್ಬಲು ಅದರೊಳಗೆ ಜಾಗವೇ ಇರುವುದಿಲ್ಲ. ಅಂದರೆ ಜೈವಿಕ ಅಚ್ಚು ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ತೇಲಿಸುವ ಆಟ ಸಪ್ಪೆಯಾಗುತ್ತದೆ.

ಹಾಗಾಗಿ ಎರಡು ಬ್ಯಾಚ್ ಮಾಡಿ. ಒಂದನ್ನು ಸ್ಪಂಜಾಗಿ ಉಳಿಸಿ. ಇನ್ನೊಂದನ್ನು 500 ಡಿಗ್ರಿಯ ಹಂತದ ನಂತರ ಅರೆದು, 13 ಮಿ.ಮೀ. ಡೈಯಲ್ಲಿ 5 ಟನ್ ಒತ್ತಡ ಹಾಕಿ ಬಿಲ್ಲೆ ಮಾಡಿ, 920ರಲ್ಲಿ 12 ಗಂಟೆ ಸುಟ್ಟು ಆಕ್ಸಿಜನ್ ಕೊಡಿ. ಸುಮಾರು 3 ಮಿ.ಮೀ. ದಪ್ಪದ ಈ ಬಿಲ್ಲೆಯ ಮೇಲೆ ಪುಟ್ಟ ನಿಯೋಡೈಮಿಯಂ ಮ್ಯಾಗ್ನೆಟ್ ತೇಲಬೇಕು. ಬಿಲ್ಲೆಯಲ್ಲಿ ತೇಲಿದರೆ ರಸಾಯನ ಸರಿಯಿದೆ ಎಂದಾಯಿತು.

ನಾಲ್ಕು ತಂತಿಯ ರೋಧ ಅಳತೆಯಲ್ಲಿ ಸೊನ್ನೆ ಬರುವುದೇ ಇಲ್ಲ, ಸಣ್ಣ ವೋಲ್ಟೇಜ್ ಉಳಿಯುತ್ತದೆ.

ಬಿಸಿ ಮತ್ತು ತಂಪು ತುದಿಗಳ ನಡುವೆ ತಂತಿಗಳೇ ಹುಟ್ಟಿಸುವ ಉಷ್ಣವಿದ್ಯುತ್ ಅದು. 10 ಮಿಲಿಆಂಪಿಯರ್ ಹರಿಸಿ ಓದಿ, ಕರೆಂಟಿನ ದಿಕ್ಕು ತಿರುಗಿಸಿ ಮತ್ತೆ ಓದಿ, ವ್ಯತ್ಯಾಸದ ಅರ್ಧ ತೆಗೆದುಕೊಳ್ಳಿ. ಬೆಳ್ಳಿ ಪೇಸ್ಟಿನ ಜೋಡಣೆ ಒಣಗದಿದ್ದರೂ ಅಂಕಿ ಕುಣಿಯುತ್ತದೆ. ಉಷ್ಣತೆಗೆ ಪಿಟಿ-100 (ಪ್ಲಾಟಿನಂ ರೋಧದ ಥರ್ಮಾಮೀಟರ್) ಬಳಸುವವರು ಅದನ್ನು ಮೊದಲು ಬರೀ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿ: 20.2 ಓಮ್ ಹತ್ತಿರ ಬರಬೇಕು.

ಎಕ್ಸ್‌ಆರ್‌ಡಿಯಲ್ಲಿ ಏನು ಹುಡುಕಬೇಕು?

ತಾಮ್ರದ ಟ್ಯೂಬ್ ಇದ್ದರೆ ವೈಬಿಸಿಓದ ದೊಡ್ಡ ಶಿಖರ 32.5 ಮತ್ತು 32.8 ಡಿಗ್ರಿಯ ಜೋಡಿ. 46.6 ಮತ್ತು 47.5 ಬೇರೆ ಬೇರೆಯಾಗಿ ಕಂಡರೆ ಆಕ್ಸಿಜನ್ ಸರಿಯಾಗಿ ಒಳಹೋಗಿದೆ. ಬೇರಿಯಂ ಕಾರ್ಬೊನೇಟ್ 23.9ರಲ್ಲಿ, ಕಾಪರ್ ಆಕ್ಸೈಡ್ 35.5 ಮತ್ತು 38.7ರಲ್ಲಿ, 211 ಸುಮಾರು 30ರಲ್ಲಿ ತಲೆ ಎತ್ತುತ್ತವೆ. ನಿಮ್ಮಲ್ಲಿ ಯಂತ್ರವಿಲ್ಲದಿದ್ದರೆ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಮಾಡಿಸಿ, ಮಾದರಿಯನ್ನು ತೇವ ತಾಗದಂತೆ ಕಳಿಸಿ.

ಜೈವಿಕ ವಸ್ತು ಬದಲಿಸುತ್ತಾ ಹೋದರೆ ಕೋಣೆಯ ಉಷ್ಣತೆಯ ಅತಿವಾಹಕ ಸಿಗಬಹುದೇ?

ಅಚ್ಚು ಹರಳಿನ ಗಾತ್ರ, ಆಕಾರ, ಬೆರಕೆಯನ್ನು ಬದಲಿಸುತ್ತದೆ. ಸಂಕ್ರಮಣದ ಉಷ್ಣತೆಯನ್ನು ತೀರ್ಮಾನಿಸುವುದು ಹರಳಿನೊಳಗಿನ ರಚನೆ ಮತ್ತು ಆಕ್ಸಿಜನ್. ಡೆಕ್ಸ್‌ಟ್ರಾನ್ ಬಳಸಿದರೂ ಹತ್ತಿ ಬಳಸಿದರೂ ಒಳ್ಳೆಯ ವೈಬಿಸಿಓ ಕೊಡುವುದು 92 ಕೆಲ್ವಿನ್ನೇ. ಕಡಿಮೆ ಬಂದರೆ ಕಲ್ಮಶ ಸೇರಿದೆ ಅಥವಾ ಆಕ್ಸಿಜನ್ ಸಾಲದು, ಹೆಚ್ಚು ಬಂದರೆ ಥರ್ಮಾಮೀಟರ್ ಪರೀಕ್ಷಿಸಿ.

ತಯಾರಾದ ಸ್ಪಂಜು ತಿಂಗಳೊಳಗೆ ಬಿಳಿಯಾಗುತ್ತಿದೆ.

ವೈಬಿಸಿಓ ತೇವದೊಂದಿಗೆ ಸೇರಿ ಬೇರಿಯಂ ಹೈಡ್ರಾಕ್ಸೈಡ್, ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಕಾರ್ಬೊನೇಟ್ ಆಗುತ್ತದೆ. ಸ್ಪಂಜಿನ ಮೇಲ್ಮೈ ಹೆಚ್ಚಿರುವುದರಿಂದ ಬಿಲ್ಲೆಗಿಂತ ಬೇಗ ಕೆಡುತ್ತದೆ. ಹೆಚ್ಚಿನ ಹಾನಿ ಆಗುವುದು ಪರೀಕ್ಷೆಯ ದಿನವೇ: ದ್ರವ ನೈಟ್ರೋಜನ್‌ನಿಂದ ತೆಗೆದ ಮಾದರಿಯ ಮೇಲೆ ಇಬ್ಬನಿ ಹಿಮವಾಗಿ ಕೂತು, ಕರಗಿ ರಂಧ್ರಗಳೊಳಗೆ ಇಳಿಯುತ್ತದೆ. ತೆಗೆದ ಕೂಡಲೇ ಹೇರ್ ಡ್ರೈಯರ್ ಬಿಸಿಗಾಳಿ ಕೊಟ್ಟು, 100 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಇಟ್ಟು, ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿ ಇಡಿ. ಜೆಲ್ ಬಣ್ಣ ಬದಲಾದರೆ ಕಾಯಿಸಿ ಮತ್ತೆ ಬಳಸಿ.

ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬಹುದೇ?

ಬೇಡ. ಕರಗುವ ಬೇರಿಯಂ ವಿಷ: ರಕ್ತದ ಪೊಟ್ಯಾಷಿಯಂ ಕುಸಿದು ಸ್ನಾಯು ಸೋಲುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಯಾರದಾದರೂ ಬಾಯಿಗೆ ಹೋದ ಅನುಮಾನವಿದ್ದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ವೈದ್ಯರಿಗೆ ‘ಬೇರಿಯಂ’ ಎಂಬ ಹೆಸರನ್ನೇ ಹೇಳಿ. ಉಳಿದ ದ್ರಾವಣ, ತೊಳೆದ ನೀರು ಎಲ್ಲವನ್ನೂ ಒಂದು ಬಕೆಟ್‌ಗೆ ಸೇರಿಸಿ, ಸೋಡಿಯಂ ಸಲ್ಫೇಟ್ ಅಥವಾ ಎಪ್ಸಮ್ ಸಾಲ್ಟ್ ದ್ರಾವಣ ಹಾಕಿ. ಮೇಲಿನ ತಿಳಿಗೆ ಇನ್ನೊಂದು ಹನಿ ಸಲ್ಫೇಟ್ ಬಿಟ್ಟಾಗ ಮಸುಕಾಗದಿದ್ದರೆ ಬೇರಿಯಂ ಪೂರ್ತಿ ಕೂತಿದೆ. ಆಮೇಲೆ ವಾಷಿಂಗ್ ಸೋಡಾ ಹಾಕಿ ನೀಲಿ ಬಣ್ಣ ಹೋಗುವವರೆಗೆ ತಾಮ್ರವನ್ನೂ ಕೂರಿಸಿ, ಸೋಸಿದ ಗಸಿಯನ್ನು ಒಣಗಿಸಿ, ಹೆಸರು ಮತ್ತು ದಿನಾಂಕ ಬರೆದ ಡಬ್ಬಿಯಲ್ಲಿ ಕಾಲೇಜಿನ ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಿ.